‘ಕತ್ತ’ ಹತ್ತುವ ಕ್ರಿಯಾಪದ, ಹತ್ತದ ಕ್ರಿಯಾಪದ

ಆ ಸಂಜೆ ಆಕೆ ಕ್ಲಾಸಿಗೆ ಪೇಢೆಯ ಡಬ್ಬಿ ಹಿಡಿದುಕೊಂಡೇ ಬಂದಳು. ಅಹಮದಾಬಾದಿನ ವಸ್ತ್ರಾಪುರದ ಕೆರೆಯ ಹಿಂಬದಿಯ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಯುತ್ತಿತ್ತು. ನಮ್ಮದು ಎಂದರೆ, ಜಾಗ ಮತ್ತು ಬೋರ್ಡು ಒಬ್ಬ ಗುಜರಾತಿ ಸಾಹೇಬರದು, ಗಂಟಲು ನನ್ನದು. ಆಕೆ ಹತ್ತಿರದ ಖಾಸಗಿ ಆಸ್ಪತ್ರೆಯ ನರ್ಸು. ಅಪ್ಪ ರೈಲ್ವೆ ನೌಕರಿಗೆಂದು ಗದಗದ ಕಡೆಯಿಂದ ವಡೋದರಾಕ್ಕೆ ಬಂದು ಅಲ್ಲಿಯೇ ನಿಂತವರು. ಆಕೆ ಹುಟ್ಟಿದ್ದು, ಓದಿದ್ದು ಎಲ್ಲ ವಡೋದರಾದಲ್ಲಿ. ಕನ್ನಡ ಮನೆಯಲ್ಲಿ ಕೇಳಿ ಕಲಿತದ್ದು ಮಾತ್ರ, ಅದರಲ್ಲಿ ಅರ್ಧ ಹಿಂದಿ, ಕಾಲು ಗುಜರಾತಿ. ಆದರೂ ನನ್ನ ಊರು ಧಾರವಾಡ ಎಂದು ತಿಳಿದ ದಿನದಿಂದ ಎಲ್ಲರಂತೆ ಗುಜರಾತಿಯಲ್ಲಿ ‘ಬೆನ್’, ಅಂದರೆ ಸೋದರಿ, ಎನ್ನುವುದನ್ನು ಬಿಟ್ಟು, ನಮ್ಮ ಕಡೆ ಶಾಲೆಯ ಟೀಚರಿಗೆ ಕರೆಯುವ ಹಾಗೆ ‘ಅಕ್ಕಾರ’ ಎನ್ನತೊಡಗಿದ್ದಳು. ಹಾಗೆನ್ನಲು ಅವಳಪ್ಪ ಫೋನಿನಲ್ಲಿ ಹೇಳಿಕೊಟ್ಟರಂತೆ.

“ಅಕ್ಕಾರ, ಸಿಲೆಕ್ಷನ್ ಆತ್ರಿ! ಮೊದಲ ಬಾಯಿ ಸಿಹಿ ಮಾಡ್ಕೋರಿ” ಎಂದು ಪೇಢೆ ಕೈಗಿಟ್ಟಳು.

ಆ ಆಸ್ಪತ್ರೆಗೆ ಆಫ್ರಿಕಾದಿಂದ, ಕೊಲ್ಲಿ ದೇಶಗಳಿಂದ ರೋಗಿಗಳು ಬರತೊಡಗಿದ್ದರು. ಅವರ ಮತ್ತು ಡಾಕ್ಟರರ ನಡುವೆ ಓಡಾಡಿ, ಮಾತು ತಲುಪಿಸಿ, ಎಲ್ಲ ನೋಡಿಕೊಳ್ಳಲು ಒಬ್ಬ ನರ್ಸು ಬೇಕಾಗಿತ್ತು. ಅದಕ್ಕೆ ಇಂಗ್ಲಿಷ್ ಬೇಕು. ಸಂಬಳ ಹೆಚ್ಚೇನೂ ಇರಲಿಲ್ಲ. ಆಕೆಗೆ ಅದರ ಚಿಂತೆಯೂ ಇರಲಿಲ್ಲ. ಆ ಹುದ್ದೆಗೆ ರಾತ್ರಿ ಪಾಳಿ ಇಲ್ಲ, ಬರೀ ಹಗಲಿನ ಕೆಲಸ, ಅದೇ ಆಕೆಗೆ ಬೇಕಾಗಿದ್ದು. ಗಂಡ ಸೂರತ್ತಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಸೂಪರ್‌ವೈಸರು. ನಾಲ್ಕು ವರ್ಷದ ಮಗಳು ವಡೋದರಾದಲ್ಲಿ ಅಜ್ಜಿಯ ಹತ್ತಿರ. ಪಾಳಿ ಬದಲಾಗುತ್ತಲೇ ಇರುವ ನರ್ಸು ಹಾಸ್ಟೆಲಿನಲ್ಲಿ ಇರಬೇಕು, ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹೀಗೆ ಮೂವರ ಸಂಸಾರ ಒಂದೇ ರೈಲು ಹಾದಿಯ ಮೂರು ಊರುಗಳಲ್ಲಿ ಹಂಚಿಹೋಗಿತ್ತು. ಭಾನುವಾರ ಗಂಡ ಸೂರತ್ತಿನಿಂದ, ಹೆಂಡತಿ ಅಹಮದಾಬಾದಿನಿಂದ ರೈಲು ಹತ್ತಿ ನಡುವಿನ ಊರಿನಲ್ಲಿ ಮಗಳ ಹತ್ತಿರ ಸೇರುತ್ತಿದ್ದರು. ಹಗಲಿನ ಕೆಲಸ ಸಿಕ್ಕರೆ ಒಂದು ಖೋಲಿ ಹಿಡಿದು ಮಗಳನ್ನು ಕರೆತರಬಹುದಿತ್ತು.

ನನಗೆ ಒಂದು ಚಟ. ಯಾರೇ ಇಂಟರ್‌ವ್ಯೂ ಮುಗಿಸಿ ಬಂದರೂ ಅವರು ಏನು ಕೇಳಿದರು, ಇವರು ಏನಂದರು ಎಂದು ವಾಕ್ಯ ವಾಕ್ಯ ಹೇಳಿಸುತ್ತೇನೆ. ಪೇಢೆ ಬಾಯಿಗೆ ಹಾಕಿಕೊಂಡು, “ಹೇಳು, ಏನೇನ್ ಕೇಳಿದ್ರು?” ಎಂದೆ.

ಆಸ್ಪತ್ರೆಯ ಹೊಸ ವಿಭಾಗ ಶುರುಮಾಡಿಸಲು ಹೊರದೇಶದಿಂದ ಒಬ್ಬ ಸಲಹೆಗಾರ್ತಿ ಬಂದಿದ್ದರು. ಕೇಳಿದವರು ಅವರು. ಪಕ್ಕದಲ್ಲಿ ಆಸ್ಪತ್ರೆಯ ಆಡಳಿತಾಧಿಕಾರಿ ಕಾಗದಗಳಲ್ಲಿ ಮುಖ ಹುದುಗಿಸಿ ಕೂತಿದ್ದರಂತೆ. ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ಸಲಹೆಗಾರ್ತಿ ಕೇಳಿದ್ದಾರೆ. ಈಕೆ, ಗಂಡ ಸೂರತ್ತಿನಲ್ಲಿದ್ದಾನೆ ಎಂದು ಹೇಳಿ, “ಐ ಆ್ಯಮ್ ಹ್ಯಾವಿಂಗ್ ಒನ್ ಡಾಟರ್” ಎಂದಿದ್ದಾಳೆ.

“ಅಷ್ಟ ಅಂದೆ ನೋಡ್ರಿ, ಆ ಮೇಡಂ ಎದ್ದು ನಿಂತು ಕೈ ಕೊಟ್ರು! ಕಂಗ್ರ್ಯಾಚುಲೇಶನ್ಸ್ ಅಂದ್ರು!”

ನನ್ನ ಬಾಯಲ್ಲಿದ್ದ ಪೇಢೆ ಅಲ್ಲೇ ನಿಂತಿತು. ಆ ವಾಕ್ಯಕ್ಕೆ ಅವರ ಇಂಗ್ಲಿಷಿನಲ್ಲಿ ‘ನನಗೆ ಒಬ್ಬ ಮಗಳಿದ್ದಾಳೆ’ ಎಂದು ಅರ್ಥವಾಗುವುದಿಲ್ಲ. ‘ನಾನು ಬಸುರಿ, ಹೆಣ್ಣು ಮಗು ಹುಟ್ಟಲಿದೆ’ ಎಂದಾಗುತ್ತದೆ.

“ಮುಂದ?”

“ಮುಂದ, ಹೆಣ್ಣ ಅಂತ ಗ್ಯಾರಂಟಿ ಏನು ಅಂತ ಕೇಳಿದ್ರು. ಏನ್ ಪ್ರಶ್ನೆ ಇದು ಅನಿಸ್ತು. ಯೆಸ್ ಮೇಡಂ, ಐ ಆ್ಯಮ್ ನೋಯಿಂಗ್, ಐ ಸಾ ಹರ್ ಆನ್ ಸಂಡೆ ಅಂದೆ. ಆವಾಗ ಬಾಜೂ ಕುಂತಿದ್ದ ಆಸ್ಪತ್ರಿ ಸಾಹೇಬ್ರು ಒಮ್ಮೆಲೆ ತಲಿ ಎತ್ತಿದ್ರು. ಎಲ್ಲಿ ನೋಡಿದಿ ಅಂದ್ರು. ವಡೋದರಾದಾಗ ಅಂದೆ.”

ಹುಟ್ಟುವ ಮುಂಚೆ ಮಗು ಗಂಡೋ ಹೆಣ್ಣೋ ಹೇಳುವುದು ಅಪರಾಧ ಎಂಬ ಫಲಕ ನಮ್ಮ ದೇಶದ ಯಾವ ಆಸ್ಪತ್ರೆಯ ಗೋಡೆಯ ಮೇಲಿಲ್ಲ? ಅಂಥ ಆಸ್ಪತ್ರೆಯ ನರ್ಸು, ಆಡಳಿತಾಧಿಕಾರಿಯ ಎದುರಿಗೆ, ಭಾನುವಾರ ವಡೋದರಾದಲ್ಲಿ ನೋಡಿಸಿಕೊಂಡು ಬಂದೆ ಎಂದು ನಗುನಗುತ್ತ ಹೇಳಿದ್ದಳು. ನನಗೆ ನಗು ಬಂತು, ಆದರೆ ನಗುವ ಹಾಗಿರಲಿಲ್ಲ. ಆಕೆ ಇಡೀ ವಾರ್ಡಿಗೆ ಪೇಢೆ ಹಂಚಿ ಬಂದಿದ್ದಳು.

ಮರುದಿನ ಮೇಟ್ರನ್ ಆಕೆಯನ್ನು ಕರೆದು ವಿಷಯ ಹೇಳಿದರು. ಗೊಂದಲ ಅಲ್ಲೇ ಬಿಡಿಸಿಕೊಂಡಿತ್ತಂತೆ. ಆಡಳಿತಾಧಿಕಾರಿ ಮಗಳ ವಯಸ್ಸೆಷ್ಟೆಂದು ಗುಜರಾತಿಯಲ್ಲಿ ಕೇಳಿ, ಅರ್ಥವಾಗಿ, ಆಕೆ ಹೊರಗೆ ಹೋದ ಮೇಲೆ ಬಿದ್ದು ಬಿದ್ದು ನಕ್ಕರಂತೆ. ಸಲಹೆಗಾರ್ತಿ ಮಾತ್ರ ನಗಲಿಲ್ಲ. ತನಗೇ ಹೀಗೆ ತಪ್ಪು ತಿಳಿದರೆ ನಾಳೆ ರೋಗಿಗೆ ಏನು ತಿಳಿಯಬೇಕು ಎಂದು ಕೇಳಿದರಂತೆ. ಆದರೂ ನರ್ಸಿನ ಕೆಲಸದ ಬಗ್ಗೆ ಮೇಟ್ರನ್ ಒಳ್ಳೆಯ ಮಾತು ಹೇಳಿದ್ದರಿಂದ ಹುದ್ದೆಯನ್ನು ಸದ್ಯಕ್ಕೆ ಯಾರಿಗೂ ಕೊಡದೆ, ದೀಪಾವಳಿ ರಜೆ ಕಳೆದ ಮೇಲೆ ಇನ್ನೊಂದು ಸಲ ಕರೆಯುವುದೆಂದು ತೀರ್ಮಾನಿಸಿದ್ದರು. ಆ ಹುದ್ದೆಗೆ ಆಕೆಯ ಜೊತೆ ಇನ್ನೊಬ್ಬ ನರ್ಸೂ ಸ್ಪರ್ಧೆಯಲ್ಲಿದ್ದಳು. ಮೂರನೆಯ ಅವಕಾಶ ಇಲ್ಲ ಎಂಬುದನ್ನೂ ಮೇಟ್ರನ್ ಮುಚ್ಚಿಡಲಿಲ್ಲ.

ಆಗಿನ್ನೂ ನವರಾತ್ರಿ ಶುರುವಾಗುವ ಮೊದಲು. ನಮ್ಮ ಕೈಯಲ್ಲಿ ಒಂದು ತಿಂಗಳ ಮೇಲೆ ಸ್ವಲ್ಪ ದಿನಗಳಿದ್ದವು.

ಸಾಹೇಬರಿಗೆ ಇದೆಲ್ಲ ದೊಡ್ಡ ವಿಷಯವಾಗಿ ಕಾಣಲಿಲ್ಲ. ಅವರ ಬಾಯಲ್ಲಿ ಸದಾ ಇದ್ದ ಮಾತು ‘ಚಾಲಶೆ’. ನಡೆಯುತ್ತೆ ಬಿಡಿ, ಎಂದು ಅರ್ಥ. “ಚಾಲಶೆ, ಬೆನ್. ಇಡೀ ಗುಜರಾತ್ ಐ ಆ್ಯಮ್ ಹ್ಯಾವಿಂಗ್ ಅಂತಲೇ ಅನ್ನುತ್ತೆ. ಅಂದುಕೊಂಡೇ ಇಷ್ಟು ವ್ಯಾಪಾರ ಮಾಡಿದೆ” ಎಂದರು. ಮಾತು ಸುಳ್ಳೇನಲ್ಲ. ಆದರೆ ಅವರಿಗೆ ಬಿಟ್ಟುಕೊಡದ ನಿಯಮವೂ ಒಂದಿತ್ತು. ಕ್ಲಾಸಿನೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡಕೂಡದು. ಬಾಗಿಲ ಮೇಲೆ ಹಾಗೆಂದು ದಪ್ಪ ಅಕ್ಷರದಲ್ಲಿ ಬರೆಸಿ ಹಾಕಿದ್ದರು. ನಾವಿಬ್ಬರು ಅಲ್ಲಿ ಆಡುತ್ತಿದ್ದ ಕನ್ನಡವೆಲ್ಲ ಅವರ ಕಿವಿ ತಪ್ಪಿಸಿಯೇ.

ನಾನು ಕ್ಲಾಸಿನ ಕೈಪಿಡಿಯಲ್ಲಿದ್ದ ಪಾಠದಿಂದಲೇ ಶುರುಮಾಡಿದೆ. ಕ್ರಿಯಾಪದಗಳಲ್ಲಿ ಎರಡು ಜಾತಿ. ಓಡು, ಬರೆ, ತಿನ್ನು ಇವು ಕೆಲಸ ಹೇಳುವವು, ಆ್ಯಕ್ಷನ್ ವರ್ಬ್. ಇವುಗಳ ಬಾಲಕ್ಕೆ ‘ಇಂಗ್’ ಹಚ್ಚಬಹುದು. ನೋ, ವಾಂಟ್, ಲೈಕ್, ನೀಡ್, ಮನೆಯೋ ಮಕ್ಕಳೋ ಇರುವ ಅರ್ಥದ ಹ್ಯಾವ್ ಇವು ಸ್ಥಿತಿ ಹೇಳುವವು, ಸ್ಟೇಟ್ ವರ್ಬ್. ಇವಕ್ಕೆ ‘ಇಂಗ್’ ಹಚ್ಚಬಾರದು. ಹಚ್ಚಿದರೆ ಒಂದೋ ತಪ್ಪು, ಇಲ್ಲವೇ ಆ ಪೇಢೆಯ ಕಥೆಯ ಹಾಗೆ ಅರ್ಥವೇ ಬೇರೆ. ಕೈಪಿಡಿಯಲ್ಲಿ ಸ್ಟೇಟ್ ವರ್ಬುಗಳದು ಇಡೀ ಒಂದು ಪುಟ. ಆಕೆ ಅದನ್ನು ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಗಟ್ಟಿಮಾಡಿ, ಕಣ್ಣು ಮುಚ್ಚಿ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಳು. ನಾನು ಶಭಾಸ್ ಎನ್ನುತ್ತಿದ್ದೆ. ಅದಾದ ಮರುಕ್ಷಣ ಸಹಜವಾಗಿ ಏನಾದರೂ ಕೇಳಿದರೆ “ಐ ಆ್ಯಮ್ ವಾಂಟಿಂಗ್ ಲೀವ್, ಅಕ್ಕಾರ” ಎಂದುಬಿಡುತ್ತಿದ್ದಳು.

ಮಾತಾಡುವವರಿಗೆ ಪಟ್ಟಿ ತಿರುವಿ ನೋಡಲು ಪುರಸೊತ್ತು ಎಲ್ಲಿರುತ್ತದೆ? ಮೇಲಾಗಿ ಆಕೆ ತಲೆಯಲ್ಲಿ ಕಟ್ಟುತ್ತಿದ್ದುದು ಗುಜರಾತಿ ವಾಕ್ಯ. ಅಲ್ಲಿ ಯಾವ ಮಾತಿನ ತುದಿಗೂ ‘ಇದೆ’, ‘ಇದ್ದೇನೆ’ ಎನ್ನುವ ಒಂದು ‘ಛೆ’ ಅಥವಾ ‘ಛುಂ’ ಇದ್ದೇ ಇರುತ್ತದೆ. ಆ ತುದಿಗೆ ಸರಿಯಾಗಿ ಇಂಗ್ಲಿಷಿನ ‘ಆ್ಯಮ್’ ತಾನಾಗಿ ಬಂದು ಕೂರುತ್ತಿತ್ತು. ‘ಆ್ಯಮ್’ ಬಂದ ಮೇಲೆ ‘ಇಂಗ್’ ಬಿಟ್ಟಿರುತ್ತದೆಯೇ? ನಾನು ತಿದ್ದಿದಷ್ಟೂ ಆಕೆ ತಡವರಿಸತೊಡಗಿದಳು. ನವರಾತ್ರಿ ಬಂತು, ಕ್ಲಾಸಿನ ಅರ್ಧ ಜನ ಗರ್ಬಾದ ತಯಾರಿಗೆಂದು ಬೇಗ ಏಳತೊಡಗಿದರು. ಈಕೆ ಮಾತ್ರ ಖಾಲಿ ಬೆಂಚುಗಳ ನಡುವೆ ಕೂತು ಒಂದೊಂದು ವಾಕ್ಯಕ್ಕೂ ಮೊದಲು ಚಾವಣಿ ನೋಡುತ್ತಿದ್ದಳು. ಮೊದಲು ತಪ್ಪಾಗಿಯಾದರೂ ಮಾತಾಡುತ್ತಿದ್ದಳು, ಈಗ ಅದೂ ನಿಂತಿತು.

ಒಂದು ಸಂಜೆ ವಡೋದರಾದಿಂದ ಫೋನ್ ಬಂತು. ಮಗಳ ಧ್ವನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. ಅಜ್ಜಿಗೆ ಹೇಳುತ್ತಿತ್ತು ಮಗು, ಗುಜರಾತಿಯಲ್ಲಿ: “ರವಿವಾರ್‌ನಿ ಮಮ್ಮಿ ಛೆ!” ಭಾನುವಾರದ ಮಮ್ಮಿ ಫೋನಿನಲ್ಲಿದ್ದಾಳೆ ಎಂದು. ಹಾಗಾದರೆ ಉಳಿದ ದಿನಗಳ ಮಮ್ಮಿ ಯಾರೆಂದು ನಾನು ಕೇಳಲಿಲ್ಲ. ಅಜ್ಜಿಗೇ ಮಮ್ಮಿ ಎನ್ನುತ್ತಿದೆ ಎಂದು ಆಕೆಯೇ ಹೇಳಿದಳು. ಹೇಳಿ ಕಣ್ಣೊರೆಸಿಕೊಂಡು, “ಮತ್ತ ಕೇಳ್ರಿ ಅಕ್ಕಾರ, ಪಟ್ಟಿ ಒಪ್ಪಸ್ತೀನಿ” ಎಂದಳು. ನನಗೆ ಆ ಪಟ್ಟಿಯನ್ನು ಹರಿದು ಹಾಕಬೇಕೆನಿಸಿತು.

ಆ ರಾತ್ರಿಯಲ್ಲ, ಮರುದಿನ ಬೆಳಿಗ್ಗೆ ನನ್ನ ಅಡುಗೆಮನೆಯಲ್ಲೇ ದಾರಿ ಸಿಕ್ಕಿತು. ಯಜಮಾನರಿಗೆ ಬ್ಯಾಂಕಿನ ವರ್ಗಾವಣೆಯಾಗಿ ನಾವು ಸ್ಯಾಟಲೈಟ್ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಇದ್ದೆವು. ನನ್ನ ಮಗಳಿಗೆ ಆಗ ಆರು ವರ್ಷ. ಅಲ್ಲಿನ ಶಾಲೆ, ಅಲ್ಲಿನ ಗೆಳತಿಯರು, ಕನ್ನಡ ಬರೀ ನಮ್ಮಿಬ್ಬರ ಹತ್ತಿರ. ಅವಳು ಬಾಗಿಲಲ್ಲಿ ನಿಂತು, “ಅಮ್ಮಾ, ನಾನು ಹಾಲು ಬೇಕು” ಎಂದಳು.

ಯಜಮಾನರು ಪೇಪರಿನ ಹಿಂದಿನಿಂದ, “ಹಾಲಿಗೆ ನೀನು ಬೇಕಾಗಿ ಏನ್ ಮಾಡ್ಲಿಕ್ಕದ? ನಮಗ ಬೇಕು ನೀನು” ಎಂದು ಛೇಡಿಸಿದರು.

“ನಾನು ಅಲ್ಲವ್ವಾ, ನನಗ. ನನಗ ಹಾಲು ಬೇಕು. ನನಗ ಗೊತ್ತದ. ನನಗ ನೆನಪದ” ಎಂದು ತಿದ್ದುತ್ತಾ ಹೋದವಳು ಹಾಗೇ ನಿಂತೆ. ನನಗ ಬೇಕು, ನನಗ ಗೊತ್ತು, ನನಗ ಇಷ್ಟ, ನನಗ ಒಬ್ಬಾಕಿ ಮಗಳಿದ್ದಾಳ. ಕೈಪಿಡಿಯ ಪುಟವನ್ನೇ ನಾನು ಓದುತ್ತಿದ್ದೇನೆ ಅನಿಸಿತು. ಇಂಗ್ಲಿಷಿನ ಸ್ಟೇಟ್ ವರ್ಬುಗಳೆಲ್ಲ ಕನ್ನಡಕ್ಕೆ ಬಂದರೆ ‘ನಾನು’ ಹೋಗಿ ‘ನನಗೆ’ ಆಗುತ್ತದೆ. ಗುಜರಾತಿಯಲ್ಲೂ ಅಷ್ಟೇ, ‘ನಾನು’ ಎನ್ನುವ ‘ಹುಂ’ ಹೋಗಿ ‘ನನಗೆ’ ಎನ್ನುವ ‘ಮನೇ’ ಆಗುತ್ತದೆ. ನಾನು ಮಾಡುವ ಕೆಲಸ ಬೇರೆ, ನನಗೆ ಇರುವ ಸ್ಥಿತಿ ಬೇರೆ ಎಂಬುದನ್ನು ನಮ್ಮ ಭಾಷೆ ಯಾವತ್ತೋ ವಿಂಗಡಿಸಿ ಇಟ್ಟಿತ್ತು. ಶಾಲೆಯಲ್ಲಿ ಚತುರ್ಥೀ ವಿಭಕ್ತಿ ಎಂದು ಬಾಯಿಪಾಠ ಮಾಡಿದ್ದು ಅಹಮದಾಬಾದಿನಲ್ಲಿ ಹಾಲು ಕಾಯಿಸುವಾಗ ಉಪಯೋಗಕ್ಕೆ ಬಂತು.

ಅಂದೇ ನಿರ್ಧಾರ ಮಾಡಿದೆ. ಸಾಹೇಬರ ಕ್ಲಾಸಿನಲ್ಲಿ ಆಕೆಗೆ ಇನ್ನು ಕ್ರಿಯಾಪದದ ಪಾಠ ಬೇಡ. ಆ ಪುಟವನ್ನು ಮರೆತುಬಿಡಲಿ. ಸಂಜೆ ಕ್ಲಾಸು ಮುಗಿದ ಮೇಲೆ ನನ್ನ ಮನೆಗೆ ಬರಲಿ, ಕನ್ನಡದಲ್ಲೇ ಹೇಳಿಕೊಡುತ್ತೇನೆ. ಸಾಹೇಬರಿಗೆ ಹೇಳಿದಾಗ ಮುಖ ಸಣ್ಣದಾಯಿತು. “ಇಂಗ್ಲಿಷ್ ಕಲಿಸಲು ಕನ್ನಡವೇ? ಜನ ಕೇಳಿದರೆ ನಮ್ಮ ಕ್ಲಾಸಿನ ಹೆಸರು ಏನಾಗಬೇಕು, ಬೆನ್?” ಎಂದರು. ನಿಮ್ಮ ಬಾಗಿಲ ಒಳಗೆ ಆಡುವುದಿಲ್ಲವಲ್ಲ ಎಂದೆ. ಸ್ವಲ್ಪ ಯೋಚಿಸಿ ಅವರು ಕೊನೆಗೆ ಅದೇ ಅಂದರು, ಚಾಲಶೆ.

ಈಗ ನಾವು ಧಾರವಾಡಕ್ಕೆ ಮರಳಿದ್ದೇವೆ. ಇಲ್ಲಿ ಎಲ್ಲವೂ ಇದೆ, ದೂರಲು ಏನೂ ಇಲ್ಲ. ಆದರೂ ಸಂಜೆ ರೊಟ್ಟಿಗೆ ಹಿಟ್ಟು ನಾದುವಾಗ ಸ್ಯಾಟಲೈಟಿನ ಆ ಅಡುಗೆಮನೆ ಕಣ್ಣಮುಂದೆ ಬರುತ್ತದೆ. ಕೆಳಗೆ ಸೊಸೈಟಿಯ ಬೆಂಚಿನ ಮೇಲೆ ಬಾ-ಗಳು, ಅಂದರೆ ಅಲ್ಲಿನ ಅಜ್ಜಿಯರು, ಕೂತು ತೊಗರಿಕಾಯಿ ಸುಲಿಯುತ್ತಾ ಆಡುವ ಮಾತು ಕಿಟಕಿಯಿಂದ ಕೇಳಿಸುತ್ತಿತ್ತು. ಆಕೆ ಪಾಳಿ ಮುಗಿಸಿ ಇಲ್ಲವೇ ಪಾಳಿಗೆ ಹೋಗುವ ಮುಂಚೆ ಬಂದು, ಕಾಲು ಇಳಿಬಿಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದಳು. ‘ಗೆ’ ಇದ್ದರೆ ‘ಇಂಗ್’ ಬೇಡ, ಇಲ್ಲದಿದ್ದರೆ ಹಚ್ಚಬಹುದು, ಇಷ್ಟೇ ಸೂತ್ರ. ನಾನು ರೊಟ್ಟಿ ಬಡಿಯುತ್ತಾ ಒಂದೊಂದೇ ವಾಕ್ಯ ಎಸೆಯುತ್ತಿದ್ದೆ.

“ರೋಗಿಗೆ ನೀರು ಬೇಕು.”

“ರೋಗಿಗೆ. ‘ಗೆ’ ಐತಿ. ದ ಪೇಶಂಟ್ ವಾಂಟ್ಸ್ ವಾಟರ್.”

“ಡಾಕ್ಟರು ಊಟ ಮಾಡ್ಲಿಕತ್ತಾರ.”

“‘ಗೆ’ ಇಲ್ಲ. ದ ಡಾಕ್ಟರ್ ಈಸ್ ಹ್ಯಾವಿಂಗ್ ಲಂಚ್.” ಅಂದು, ಕಣ್ಣರಳಿಸಿ, “ಅಯ್ಯ, ಹ್ಯಾವ್‌ಗೆ ಇಂಗ್ ಹತ್ತಿತಲ್ರಿ!” ಎಂದಳು.

“ಊಟ ಮಾಡೋದು ಕೆಲಸ. ಮಗಳು ಇರೋದು ಕೆಲಸ ಅಲ್ಲ” ಎಂದೆ. ಆಕೆ ಅದನ್ನು ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡಳು. ಚಾವಣಿ ನೋಡುವುದು ನಿಂತಿತು. ನಾಲಿಗೆ ಸಡಿಲವಾಯಿತು. ‘ಐ ಹ್ಯಾವ್ ಎ ಡಾಟರ್’ ಎಂಬ ಒಂದು ವಾಕ್ಯವನ್ನಂತೂ ಬಿಸಿ ರೊಟ್ಟಿ ತಿನ್ನುವಾಗಲೂ ಸರಿಯಾಗಿ ಹೇಳುತ್ತಿದ್ದಳು. ಗೆದ್ದೆವೆಂದೇ ನಾನು ತಿಳಿದಿದ್ದೆ.

ದೀಪಾವಳಿಗೆ ಕೆಲವೇ ದಿನಗಳಿರುವಾಗ ಆಕೆ ಎರಡು ಸಂಜೆ ಬರಲಿಲ್ಲ. ಫೋನೂ ಎತ್ತಲಿಲ್ಲ. ಮೂರನೆಯ ಸಂಜೆ ಬಂದವಳು ಕಟ್ಟೆಯ ಮೇಲೆ ಕೂರಲಿಲ್ಲ, ಬಾಗಿಲಲ್ಲೇ ನಿಂತಳು. ಮುಖ ಊದಿಕೊಂಡಿತ್ತು.

“ನನಗ ಈ ಕೆಲಸ ಬ್ಯಾಡ್ರಿ ಅಕ್ಕಾರ. ನಾಳೆ ಮೇಟ್ರನ್‌ಗೆ ಹೇಳಿಬಿಡ್ತೀನಿ. ಆ ಇನ್ನೊಬ್ಬಾಕಿಗೇ ಸಿಗಲಿ.”

“ಏನಾತು? ಒಳಗ ಬಾ ಮೊದಲ.”

“ನಿಮ್ಮ ‘ನನಗ’ ರೂಲ್ ಕೇಳಿ ಸಬ್‌ಕೇ ಸಾಮ್ನೆ ಮಾನ ಹೋತ್ರಿ! ಹೊರದೇಶದ ಪೇಶಂಟು. ಆಪರೇಶನ್ ಆಗಿತ್ತು. ದೊಡ್ಡ ಡಾಕ್ಟರ್ ರೌಂಡಿಗೆ ಬಂದು ಹ್ಯಾಂಗ ಇದ್ದಾನ ಅಂದ್ರು. ಪೇಶಂಟ್‌ಗ ವಾಂತಿ ಆಗಾಕತ್ತಿತ್ತು. ಪೇಶಂಟ್‌ಗ, ‘ಗ’ ಐತಿ ಅಲ್ರಿ? ಅದಕ್ಕ ಇಂಗ್ ಹಚ್ಚಲಿಲ್ಲ. ಹಿ ವಾಮಿಟ್ಸ್, ಸರ್ ಅಂದೆ. ಅವರು, ಯಾವಾಗಿಂದ ಈ ರೂಢಿ ಐತಿ ಅಂತ ಕೇಳಿ, ಬರ್ಕೊಂಡು, ಮುಂದಿನ ಬೆಡ್ಡಿಗೆ ಹೋಗಿಬಿಟ್ರು. ನಾನು ಹಿಂದ ಓಡಿಹೋಗಿ ಸೆರಗ ಹಿಡಿದಂಗ ಕೋಟು ಹಿಡಿದು ಎಳೆದು ತಂದೆ. ವಾಂತಿ ಅಲ್ಲೇ ಆಗಾಕತ್ತೈತಿ, ಅವರು ರೂಢಿ ಅಂತಾರ!”

ರೋಗಿಗೆ ಏನೂ ಆಗಲಿಲ್ಲ, ಡಾಕ್ಟರರು ಕೂಡಲೇ ನೋಡಿದರು. ಆದರೆ ವಾರ್ಡಿನಲ್ಲಿ ಎಲ್ಲರೂ ನಕ್ಕಿದ್ದರು, ಆ ಇನ್ನೊಬ್ಬ ನರ್ಸೂ ಸೇರಿ. ನನಗೆ ಆಕೆಯ ಮೇಲೆ ಕನಿಕರ, ನನ್ನ ಸೂತ್ರದ ಮೇಲೆ ಸಿಟ್ಟು. ವಾಂತಿ, ಜ್ವರ, ನೋವು, ಸುಸ್ತು ಎಲ್ಲವೂ ಕನ್ನಡದಲ್ಲಿ ‘ಗೆ’ ಬೇಡುವವೇ. ಆಸ್ಪತ್ರೆಯಲ್ಲಿ ದಿನವಿಡೀ ಆಡುವ ಮಾತೂ ಅವೇ. ಇಷ್ಟು ದೊಡ್ಡ ತೂತನ್ನು ನಾನು ನೋಡಿರಲೇ ಇಲ್ಲ.

“ಇನ್ನೊಮ್ಮೆ ಹೇಳು” ಎಂದೆ.

“ಏನ್ರಿ?”

“ವಾಂತಿದು.”

“ವಾಂತಿ ಆಗಾಕತ್ತಿತ್ತು ಅಂದೆ. ಎಷ್ಟ್ ಸಲ ಹೇಳ್ಲಿ?”

“ಆಗಾ-ಕತ್ತಿತ್ತು” ಎಂದು ನಾನು ಬಿಡಿಸಿ ಹೇಳಿದೆ. ನನ್ನ ಕಿವಿಗೆ ಆ ‘ಕತ್ತ’ ಬಿದ್ದಿತ್ತು.

ನಮ್ಮ ಕಡೆಯವರು ‘ಮಾಡುತ್ತಿದ್ದೇನೆ’ ಅನ್ನುವುದಿಲ್ಲ. ‘ಮಾಡಲಿಕ್ಕೆ ಹತ್ತಿದ್ದೇನೆ’ ಎಂಬುದು ಬಾಯಲ್ಲಿ ಸವೆದು, ಧಾರವಾಡದ ನಾನು ‘ಮಾಡ್ಲಿಕತ್ತೇನಿ’ ಅನ್ನುತ್ತೇನೆ, ಗದಗದ ಅಪ್ಪನಿಂದ ಕಲಿತ ಆಕೆ ‘ಮಾಡಾಕತ್ತೇನಿ’ ಅನ್ನುತ್ತಾಳೆ. ಇಬ್ಬರ ಮಾತಿನಲ್ಲೂ ನಡುವೆ ಒಂದು ‘ಕತ್ತ’ ಇದೆ. ಈಗ ನಡೆಯುತ್ತಿರುವ ಯಾವುದಕ್ಕೂ ಅದು ಹತ್ತುತ್ತದೆ. ಬರೀ ಇರುವುದಕ್ಕೆ ಹತ್ತುವುದಿಲ್ಲ. ಬೆಂಗಳೂರಿನ ಕನ್ನಡ ಕೇಳಿ ಕೇಳಿ ಬೇರೆಯವರು ನಮ್ಮ ಈ ‘ಕತ್ತ’ವನ್ನು ಅಣಕಿಸುವುದುಂಟು. ಮದುವೆಯಾದ ಹೊಸತರಲ್ಲಿ ನಾನೂ ನಾಲ್ಕು ಜನರ ನಡುವೆ ಅದನ್ನು ನುಂಗಿಕೊಳ್ಳುತ್ತಿದ್ದೆ. ಆ ಸಂಜೆ ಅದರ ಮೇಲೆ ಮುದ್ದೇ ಬಂದುಬಿಟ್ಟಿತು.

“‘ಗೆ’ ಬಿಟ್ಟುಬಿಡು” ಎಂದೆ. “ಬರೇ ‘ಕತ್ತ’ ಹಚ್ಚಿ ನೋಡು. ನಾಲಿಗಿ ಒಪ್ಪಿದ್ರ ಇಂಗ್. ಒಪ್ಪಲಿಲ್ಲ ಅಂದ್ರ ಇಲ್ಲ. ಗೊತ್ತು, ಅದಕ್ಕ ಹಚ್ಚು.”

ಆಕೆ ಇನ್ನೂ ಸಿಟ್ಟಿನಲ್ಲೇ ಇದ್ದಳು. “ನನಗ ಗೊತ್ತಾಕತ್ತ...” ಎಂದು ಶುರುಮಾಡಿ ತಡೆದಳು. “ಛೀ, ಹತ್ತೋದಿಲ್ರಿ.”

“ಬೇಕು?”

“ಬೇಕಾಕತ್ತ... ಇಲ್ಲ.”

“ಜ್ವರ ಬರೋದು?”

“ಜ್ವರ ಬರಾಕತ್ತೈತಿ. ಬರೋಬರ್ ಹತ್ತತೈತಿ. ಹಿ ಈಸ್ ಗೆಟಿಂಗ್ ಫೀವರ್.”

“ಮಗಳಿದ್ದಾಳ?”

“ಮಗಳು ಇರಾಕತ್ತಾಳ” ಎಂದು ಹೇಳಿ, ತಾನು ಹೇಳಿದ್ದು ತನಗೇ ಕೇಳಿಸಿ ಆಕೆಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಒಳಗಿನಿಂದ ಯಜಮಾನರು ಏನಾಯಿತೆಂದು ಬಂದು ನೋಡಿದರು. ನಗುತ್ತಲೇ ಆಕೆ ಕಟ್ಟೆ ಹತ್ತಿ ಕೂತಳು, ಮೇಟ್ರನ್‌ಗೆ ಹೇಳುವ ಮಾತು ಅಲ್ಲಿಗೇ ನಿಂತಿತು.

ಮುಂದಿನ ಸಂಜೆಗಳನ್ನೆಲ್ಲ ‘ಕತ್ತ’ ಹಚ್ಚಿ ನೋಡುವುದರಲ್ಲೇ ಕಳೆದೆವು. ರೋಗಿಯ ತೂಕ ಮಾಡಾಕತ್ತೇನಿ, ಹತ್ತುತ್ತದೆ, ಐ ಆ್ಯಮ್ ವೇಯಿಂಗ್ ಹಿಮ್. ರೋಗಿ ಅರವತ್ತು ಕಿಲೋ ಅದಾನ, ಹತ್ತುವುದಿಲ್ಲ, ಹಿ ವೇಯ್ಸ್ ಸಿಕ್ಸ್ಟಿ ಕಿಲೋಸ್. ಡಾಕ್ಟರು ಪೇಶಂಟ್ ನೋಡಾಕತ್ತಾರ, ಹತ್ತುತ್ತದೆ. ಸೋಲಿಸಿದವು ಕಾಣುವುದು, ಕೇಳಿಸುವುದು ಎರಡೇ. ‘ನನಗ ಕಾಣಾಕತ್ತೈತಿ’ ಎಂದು ನಮ್ಮ ನಾಲಿಗೆ ಧಾರಾಳವಾಗಿ ಅನ್ನುತ್ತದೆ, ಇಂ‌ಗ್ಲಿಷು ಒಪ್ಪುವುದಿಲ್ಲ. ಆ ಎರಡಕ್ಕೂ ಕಳ್ಳರೆಂದು ಹೆಸರಿಟ್ಟು ಬೇರೆಯಾಗಿ ನೆನಪಿಟ್ಟುಕೊಳ್ಳಲು ಹೇಳಿದೆ. ಇಡೀ ಪುಟದ ಬದಲು ಇಬ್ಬರು ಕಳ್ಳರಾದರೆ ಆಕೆಯ ಪ್ರಕಾರ ಅದು ಒಳ್ಳೆಯ ವ್ಯವಹಾರವೇ ಆಗಿತ್ತು.

ಆ ದಿನಗಳಲ್ಲಿ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಊರು ಬಿಟ್ಟು ಅಷ್ಟು ದೂರ ಬಂದು, ತರಕಾರಿಯವನ ಹತ್ತಿರ ಹಿಂದಿ, ಪಕ್ಕದ ಮನೆಯವರ ಹತ್ತಿರ ಹರಕು ಗುಜರಾತಿ, ಕ್ಲಾಸಿನಲ್ಲಿ ಇಂಗ್ಲಿಷ್ ಆಡಿ ಆಡಿ ಬೇಸತ್ತಿದ್ದೆ. ಸಂಜೆ ಆ ಒಂದು ತಾಸು ನನ್ನ ಅವ್ವ ಆಡುತ್ತಿದ್ದ ಮಾತು ಮನೆಯಲ್ಲಿ ಓಡಾಡುತ್ತಿತ್ತು. ನನ್ನ ಮಗಳೂ ಬಂದು ಕೂತು, ಆಟದ ಹಾಗೆ ಎಲ್ಲದಕ್ಕೂ ‘ಕತ್ತ’ ಹಚ್ಚುತ್ತಿದ್ದಳು. ಅವಳ ಕನ್ನಡ ಸುಧಾರಿಸಿದ್ದೂ ಆಗಲೇ. ಆ ದಿನಗಳು ಇನ್ನಷ್ಟು ಇರಬಾರದಿತ್ತೇ ಎಂದು ಈಗಲೂ ಅನಿಸುತ್ತದೆ.

ದೀಪಾವಳಿಗೆ ಊರಿಗೆ ಊರೇ ಬಾಗಿಲು ಹಾಕಿತು. ಆಕೆ ವಡೋದರಾಕ್ಕೆ ಹೋಗಿಬಂದಳು. ಲಾಭ ಪಂಚಮಿಗೆ ಅಂಗಡಿ, ಕಚೇರಿಗಳು ತೆರೆದ ಮೇಲೆ ಇಂಟರ್‌ವ್ಯೂಗೆ ಕರೆ ಬಂತು. ಹಿಂದಿನ ಸಂಜೆ ನಾನು ಹೊಸದೇನೂ ಹೇಳಿಕೊಡಲಿಲ್ಲ. ರೊಟ್ಟಿ, ಎಣಗಾಯಿ ಬಡಿಸಿ ಕಳಿಸಿದೆ. ಇಂಟರ್‌ವ್ಯೂ ದಿನ ಕ್ಲಾಸಿನಲ್ಲಿ ನನಗೆ ಜೀವದಲ್ಲಿ ಜೀವ ಇರಲಿಲ್ಲ. ಸಾಹೇಬರು ಕೂಡ ಎರಡು ಸಲ ಬಂದು, “ಫೋನ್ ಬಂತೇ, ಬೆನ್?” ಎಂದು ಕೇಳಿಹೋದರು.

ಆಕೆಗೆ ಮೇಟ್ರನ್ ಕಡೆಯಿಂದ ಫೋನ್ ಬಂದದ್ದು ಮರುದಿನ. ಕೆಲಸ ಆಕೆಗೇ ಆಗಿತ್ತು. ಈ ಸಲ ಪೇಢೆ ಹಂಚುವ ಮೊದಲು ಕಾಗದ ಕೈಗೆ ಬರಲಿ ಎಂದು ಮೇಟ್ರನ್ ನಗುತ್ತಾ ಹೇಳಿದರಂತೆ. ಆಮೇಲೆ ಆಕೆಗೆ ಪುರಸೊತ್ತೇ ಸಿಗಲಿಲ್ಲ. ಖೋಲಿ ಹುಡುಕುವುದು, ಮಗಳಿಗೆ ಬಾಲವಾಡಿ ನೋಡುವುದು, ವಡೋದರಾಕ್ಕೆ ಹೋಗಿ ಸಾಮಾನು ತರುವುದು. ನನಗೂ ನನ್ನ ಚಟಕ್ಕೂ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಉತ್ತರಾಯಣದ ಗಾಳಿಪಟಗಳು ಅಂಗಡಿಗಳಲ್ಲಿ ನೇತಾಡತೊಡಗಿದ್ದಾಗ ಒಂದು ಬುಧವಾರ ಸಂಜೆ ಕರೆಗಂಟೆ ಒತ್ತಿದಳು. ಜೊತೆಯಲ್ಲಿ ಎರಡು ಜಡೆಯ ಮಗಳು.

ಮಗು ಮೊದಲು ತಾಯಿಯ ದುಪಟ್ಟಾದೊಳಗೆ ಮುಖ ಮುಚ್ಚಿಕೊಂಡಿತು. ನನ್ನ ಮಗಳು ಆಟದ ಸಾಮಾನು ತಂದು ಸುರಿದ ಮೇಲೆ ನೆಲಕ್ಕಿಳಿಯಿತು. ನಾನು ರೊಟ್ಟಿ ಬಡಿಯುತ್ತಾ ಇನ್ನು ತಡೆಯಲಾರದೆ ಕೇಳಿದೆ.

“ಈಗರೆ ಹೇಳು. ಏನೇನ್ ಕೇಳಿದ್ರು, ನೀ ಏನೇನಂದಿ?”

ಆಕೆ ಕಟ್ಟೆಯ ಮೇಲೆ ಕೂತು ಒಂದೊಂದಾಗಿ ಒಪ್ಪಿಸಿದಳು. ರೋಗಿಗಳ ಬಗ್ಗೆ ಕೇಳಿದ್ದು, ಔಷಧಿಗಳ ಬಗ್ಗೆ ಕೇಳಿದ್ದು. ಅದೇ ಸಲಹೆಗಾರ್ತಿ ಅದೇ ಮನೆಯ ಪ್ರಶ್ನೆಯನ್ನು ಬೇಕೆಂತಲೇ ಮತ್ತೆ ಕೇಳಿದರಂತೆ. ‘ಐ ಹ್ಯಾವ್ ಎ ಡಾಟರ್’ ಎಂದು ಈಕೆ ಸ್ಪಷ್ಟವಾಗಿ ಹೇಳಿದಾಗ ಆಡಳಿತಾಧಿಕಾರಿ ಮೇಜು ತಟ್ಟಿದರಂತೆ. ಎಲ್ಲವೂ ಸರಿಯಾಗಿತ್ತು, ತಿದ್ದಲು ನನಗೆ ಏನೂ ಸಿಗಲಿಲ್ಲ.

“ಕಡೀಗೆ ಆ ಮೇಡಂ, ಡು ಯು ಮಿಸ್ ಹರ್ ಅಂತ ಕೇಳಿದ್ರು.”

“ಯೆಸ್, ಐ ಮಿಸ್ ಹರ್ ಅಂದಿ, ಹೌದಲ್ಲ?”

“ಇಲ್ರಿ. ಐ ಆ್ಯಮ್ ಮಿಸ್ಸಿಂಗ್ ಹರ್ ಅಂದೆ.”

ನನ್ನ ಬಾಯಿ ತಾನಾಗಿ ತೆರೆಯಿತು. ಕೈಪಿಡಿಯ ಆ ಪುಟದಲ್ಲಿ ‘ಮಿಸ್’ ಕೂಡ ಇತ್ತು. ಆಕೆ ನನ್ನ ಮುಖ ನೋಡಿ ಕೈ ಅಡ್ಡ ಹಿಡಿದಳು.

“ಹಚ್ಚಿ ನೋಡೇ ಅಂದೀನ್ರಿ ಅಕ್ಕಾರ. ಮಗಳು ನೆನಪದಾಳ ಅಂತ ಅಲ್ಲ. ನೆನಪಾಗಾಕತ್ತಿದ್ಲು. ಅಲ್ಲಿ ಆ ಕುರ್ಚಿ ಮ್ಯಾಲೆ ಕುಂತಾಗೂ ಆಗಾಕತ್ತಿದ್ಲು.”

ಅಷ್ಟು ಹೇಳಿ ಆಕೆ ಬಗ್ಗಿ ಮಗಳ ಜಡೆಯ ಸಡಿಲಾದ ರಿಬ್ಬನ್ ಕಟ್ಟತೊಡಗಿದಳು. ನಾನು ತಿದ್ದಲು ತೆರೆದ ಬಾಯಿಯನ್ನು ಮುಚ್ಚಿದೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಗಿತ್ತು. ಅದನ್ನು ತೆಗೆದಿಟ್ಟು, ಕಣ್ಣೊರೆಸಿಕೊಂಡು, ಇನ್ನೊಂದು ಬಡಿಯಲು ಹಿಟ್ಟು ತೆಗೆದುಕೊಂಡೆ.